ಗ್ರಂಥಪ್ರಕಾಶಕನ ಪ್ರಾಮಾಣ್ಯ: ಹನಸೋಗೆ, ಪುನ್ನಾಟ, ಕಲ್ಲಹಳ್ಳಿಗಳ ನಿದರ್ಶನ

ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯನ್ನು ಆರಂಭಿಸುವ ಕ್ರಮವು ವಿದ್ವಾಂಸರಿಗೆಲ್ಲ ವಿದಿತವೇ ಆಗಿದೆ. ದೇವತೆಗಳ ಆಗಮನ, ಆಕಾಶಗಮನ, ಚಾಮರಾದಿ ವಿಭೂತಿಗಳು ಮಾಯಾವಿಗಳಲ್ಲಿಯೂ ಕಂಡುಬರುವುದರಿಂದ ಅವುಗಳ ಬಲದಿಂದ ಯಾರನ್ನೂ ಆಪ್ತನೆಂದು ಒಪ್ಪಲಾಗದೆಂದು ಅವರು ಮೊದಲಿಗೇ ಹೇಳಿಬಿಡುತ್ತಾರೆ. ದೋಷಾವರಣಗಳ ಅಭಾವ, ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಿಲ್ಲದ ವಚನ ಇವೇ ಅಲ್ಲಿ ಒರೆಗಲ್ಲು. ಅಕಲಂಕದೇವರ ‘ಅಷ್ಟಶತಿ’ಯೂ ವಿದ್ಯಾನಂದರ ‘ಅಷ್ಟಸಹಸ್ರಿ’ಯೂ ಈ ವಿಚಾರವನ್ನೇ ವಿಸ್ತರಿಸಿವೆ. ಸರ್ವಜ್ಞನ ವಿಷಯದಲ್ಲಿಯೇ ಇಷ್ಟು ಪರೀಕ್ಷೆ ನಡೆದಿರುವಾಗ, ಒಂದು ಶಾಸನಪಾಠವನ್ನೋ ಓಲೆಗ್ರಂಥವನ್ನೋ ಲೋಕಕ್ಕೆ ಹೊರಡಿಸುವ ಛದ್ಮಸ್ಥನನ್ನು ಪರೀಕ್ಷಿಸದೆ ನಂಬುವುದು ನಮ್ಮ ಪರಂಪರೆಗೆ ಒಪ್ಪುವ ನಡತೆಯಲ್ಲ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಹಿಂದೆ ಒಂದು ಪಾಠವನ್ನು ನೋಡಬೇಕಾದರೆ ಬಸದಿಯ ಭಂಡಾರಕ್ಕೋ ಮಠಕ್ಕೋ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೋ ಹೋಗಬೇಕಾಗಿತ್ತು; ಯಾರ ಕೈಯಿಂದ ಅದು ಬಂದಿತೆಂಬುದು ಹೋದವನಿಗೆ ತಾನಾಗಿಯೇ ತಿಳಿಯುತ್ತಿತ್ತು. ಇಂದು ಶಾಸನಗಳ ಪಾಠಗಳೂ ಕಾವ್ಯಗಳ ಪ್ರತಿಗಳೂ ಅಂತರಜಾಲದ ತಾಣಗಳಲ್ಲಿ ರಾಶಿರಾಶಿಯಾಗಿ ದೊರೆಯುತ್ತವೆ. ಇದು ಮಹೋಪಕಾರವೇ ಸರಿ. ಆದರೆ ಅವುಗಳಲ್ಲಿ ಹಲವಕ್ಕೆ ಸಂಪಾದಕನ ಹೆಸರಿಲ್ಲ, ಮಾತೃಕೆಯ ಉಲ್ಲೇಖವಿಲ್ಲ. ಮುಖಪುಟದ ಅಲಂಕಾರ ಮಾತ್ರ ಭರ್ಜರಿಯಾಗಿದೆ. ಚಾಮರಾದಿ ವಿಭೂತಿಗಳೆಂದರೆ ಇವೇ.

‘ಪ್ರಕಾಶಕ’ ಎಂಬ ಮಾತನ್ನು ಮುದ್ರಣಯಂತ್ರ ಬಂದ ಮೇಲಿನ ಅರ್ಥದಲ್ಲಿಯೇ ಹಿಡಿಯಬೇಕಾಗಿಲ್ಲ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಳಾದ ದಾನಚಿಂತಾಮಣಿ ಅತ್ತಿಮಬ್ಬೆ ಹತ್ತನೆಯ ಶತಮಾನದ ಪ್ರಕಾಶಕಿಯೇ. ಶಿಲೆಯ ಮೇಲೆ ದತ್ತಿಯನ್ನು ಕೊರೆಯಿಸಿದ ಬಸದಿಯ ಆಚಾರ್ಯರೂ ಪ್ರಕಾಶಕರೇ. ಒಂದು ಪಾಠ ನಮ್ಮ ಕೈ ಸೇರುವುದರೊಳಗೆ ಅದನ್ನು ನುಡಿದವನು, ಬರೆದವನು, ಹರಡಿದವನು ಎಂದು ಕನಿಷ್ಠ ಮೂವರ ಕೈ ದಾಟಿರುತ್ತದೆ. ಒಬ್ಬನ ಪ್ರಾಮಾಣ್ಯ ಮತ್ತೊಬ್ಬನಿಗೆ ವರ್ಗವಾಗುವುದಿಲ್ಲ. ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ದೋಷ ತನ್ನದಲ್ಲವೆಂದು ಓಲೆಯ ಕೊನೆಯಲ್ಲಿ ಹೇಳಿಕೊಳ್ಳುವ ಲಿಪಿಕಾರನು ಈ ತತ್ತ್ವವನ್ನು ಅರಿತಿದ್ದನು. ತನ್ನ ಹೊಣೆ ಎಲ್ಲಿಗೆ ಮುಗಿಯುತ್ತದೆಂಬುದನ್ನು ಅವನು ಬಚ್ಚಿಡಲಿಲ್ಲ.

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆ ಈ ವಿಚಾರಕ್ಕೆ ಒಳ್ಳೆಯ ಕ್ಷೇತ್ರ. ಮೊದಲು ಹನಸೋಗೆಯನ್ನು ನೋಡಬಹುದು. ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆಯ ತ್ರಿಕೂಟ ಬಸದಿಯೂ ಅಲ್ಲಿಯ ಶಾಸನಗಳೂ ಪ್ರಸಿದ್ಧವಾಗಿವೆ. ಮೂಲಸಂಘದ ದೇಶಿಗಣ, ಪುಸ್ತಕಗಚ್ಛದ ಒಂದು ಶಾಖೆಗೆ ‘ಪನಸೋಗೆ ಬಳಿ’ ಎಂಬ ಹೆಸರು ಬಂದುದೂ ಈ ಊರಿನಿಂದಲೇ. ಈ ಶಾಸನಗಳಲ್ಲಿ ಪನಸೋಗೆಯ ೬೪ ಬಸದಿಗಳನ್ನು ರಾಮನು ಕಟ್ಟಿಸಿದನೆಂದು ಹೇಳಿದೆ. ಆ ರಾಮನು ಯಾರೆಂಬುದರಲ್ಲಿ ಸಂದೇಹ ಉಳಿಯದಂತೆ ದಶರಥನ ಮಗ, ಲಕ್ಷ್ಮಣನ ಅಣ್ಣ, ಸೀತೆಯ ಪತಿ ಎಂಬ ವಿವರಗಳೂ ಉಂಟು. ಓದುಗನು ಬೇರೆ ಯಾವನೋ ರಾಮನೆಂದು ಭಾವಿಸಿಯಾನೆಂಬ ಆತಂಕ ಶಾಸನಕರ್ತೃವಿಗೆ ಇದ್ದಂತೆ ತೋರುತ್ತದೆ. ಮುಂದೆ ಗಂಗರ ದತ್ತಿಯ ಮಾತು ಬರುತ್ತದೆ. ಹನ್ನೊಂದನೆಯ ಶತಮಾನದಲ್ಲಿ ರಾಜೇಂದ್ರಚೋಳ ನನ್ನಿ ಚಂಗಾಳ್ವನು ಬಸದಿಯನ್ನು ಹೊಸದಾಗಿ ಕಟ್ಟಿಸಿದ ಸಂಗತಿ ಬರುತ್ತದೆ. ಪನಸೋಗೆಯಿಂದ ತಲಕಾವೇರಿಯವರೆಗಿನ ಬಸದಿಗಳ ಮೇಲೆ ಇಲ್ಲಿಯ ಆಚಾರ್ಯರಿಗಿದ್ದ ಅಧಿಕಾರದ ಪ್ರತಿಪಾದನೆಯೂ ಇದೆ.

ಈ ಒಂದೇ ಶಾಸನಸಮೂಹವನ್ನು ಎರಡು ಬಗೆಯ ಜನ ಎರಡು ಬಗೆಯಾಗಿ ಕೆಡಿಸಿದ್ದಾರೆ. ರಾಮನ ಮಾತಿದೆಯೆಂದು ಇಡೀ ಶಾಸನವನ್ನೇ ಕಟ್ಟುಕಥೆಯೆನ್ನುವವರು ಒಂದು ಕಡೆ. ಶಾಸನವೆಂದ ಮೇಲೆ ಸತ್ಯವೇ ಆಗಿರಬೇಕೆಂದು ೬೪ ಬಸದಿಗಳ ನಿರ್ಮಾಣವನ್ನು ಇತಿಹಾಸದ ಸಂಗತಿಯಂತೆ ಬರೆಯುವವರು ಇನ್ನೊಂದು ಕಡೆ. ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಈ ಶಾಸನವನ್ನು ಹೊರಡಿಸಿದವರು ಯಾರು, ಯಾವ ಮಾತಿಗೆ ಅವರು ಸಾಕ್ಷಿಗಳು? ಹನ್ನೊಂದನೆಯ ಶತಮಾನದ ಆಚಾರ್ಯನು ತನ್ನ ಕಾಲದ ಚಂಗಾಳ್ವನ ಜೀರ್ಣೋದ್ಧಾರಕ್ಕೆ ಪ್ರತ್ಯಕ್ಷಸಾಕ್ಷಿ. ಗಂಗರ ದತ್ತಿಗೆ ಅವನು ಬಸದಿಯ ಹಳೆಯ ದಾಖಲೆಯನ್ನೋ ಹಿರಿಯರ ಮಾತನ್ನೋ ಆಶ್ರಯಿಸಿದವನು. ರಾಮನ ವಿಷಯದಲ್ಲಿ ಅವನು ಪುರಾಣಶ್ರೋತೃ. ಮುನಿಸುವ್ರತತೀರ್ಥದಲ್ಲಿ ಎಂಟನೆಯ ಬಲಭದ್ರನಾಗಿ ಆಗಿಹೋದ ರಾಮನ ಕಾಲಕ್ಕೂ ಇಂದು ಕಾಣುವ ಕಲ್ಲುಕಟ್ಟಡಕ್ಕೂ ನಮ್ಮ ಪುರಾಣಗಳ ಕಾಲಗಣನೆಯಲ್ಲಿಯೇ ಎಣಿಸಲಾಗದ ಅಂತರವಿದೆ. ಆದುದರಿಂದ ಅದನ್ನು ತೀರ್ಥಮಾಹಾತ್ಮ್ಯವಾಗಿ ಸ್ವೀಕರಿಸುವುದು ಪುರಾಣಕ್ಕೆ ಮಾಡುವ ಅಗೌರವವೇನೂ ಆಗದು. ಆ ಮಾತು ಬೇರೊಂದು ಸಂಗತಿಗೆ ಗಟ್ಟಿಯಾದ ಪ್ರಮಾಣವೂ ಆಗಿದೆ. ನಾಗಚಂದ್ರನು ‘ರಾಮಚಂದ್ರಚರಿತಪುರಾಣ’ವನ್ನು ರಚಿಸಿದ ಕಾಲಕ್ಕೆ ಹತ್ತಿರದಲ್ಲಿಯೇ, ಕಾವೇರಿಯ ದಡದ ಒಂದು ಜೈನಕೇಂದ್ರ ರಾಮನನ್ನು ತನ್ನ ಬಸದಿಗಳ ಆದಿದಾತೃವೆಂದು ನಂಬಿತ್ತು. ಇದನ್ನು ತಿಳಿಸಲು ಆ ಶಾಸನಕ್ಕಿಂತ ಹೆಚ್ಚಿನ ಅಧಿಕಾರಿ ಬೇಕಿಲ್ಲ.

ತಲಕಾವೇರಿಯವರೆಗಿನ ಅಧಿಕಾರದ ಮಾತನ್ನು ಇನ್ನೂ ಸ್ವಲ್ಪ ನಿಂತು ಓದಬೇಕು. ಇಲ್ಲಿ ಹೇಳುವವನೂ ಲಾಭ ಪಡೆಯುವವನೂ ಒಬ್ಬನೇ. ಬಸದಿಗಳ ಮೂಲ ಎಷ್ಟು ಪ್ರಾಚೀನವೋ ಅವುಗಳ ಮೇಲಿನ ಅಧಿಕಾರವೂ ಅಷ್ಟು ಪ್ರಾಚೀನವಾಗುತ್ತದೆ. ಅಧಿಕಾರ ಇರಲಿಲ್ಲವೆಂದು ಇದರಿಂದ ಸಿದ್ಧಿಸದು. ಆದರೆ ಇನ್ನೊಂದು ಬಳಿಯ, ಇನ್ನೊಂದು ಅರಸುಮನೆತನದ ಶಾಸನ ಅದನ್ನು ಬೆಂಬಲಿಸುವವರೆಗೆ ಅದು ವಾದಿಯ ಹೇಳಿಕೆಯೇ ಹೊರತು ತೀರ್ಪಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನಲ್ಲಿದೆ. ಕ್ರಿ.ಶ. ೧೦೫೭ರ ದೇಕಬ್ಬೆಯ ಶಾಸನ ಜೈನಶಾಸನವಲ್ಲದಿದ್ದರೂ ಇಲ್ಲಿ ನೆನೆಯತಕ್ಕುದು. ಕಲ್ಲನ್ನು ನಿಲ್ಲಿಸಿದವನು ತಂದೆ ರವಿಗ, ಪದ್ಯಗಳನ್ನು ರಚಿಸಿದವನು ಮಲ್ಲ ಎಂಬುದು ಅಲ್ಲಿಯೇ ತಿಳಿದುಬರುತ್ತದೆ. ಮಗಳು ಬೆಂಕಿಯನ್ನು ಹೊಕ್ಕ ಸಂಗತಿಯನ್ನು ಕೊಂಡಾಡುವ ಆ ಶಾಸನ, ಅವಳ ಗಂಡನಾದ ಏಚನು ಮಲ್ಲಯುದ್ಧದಲ್ಲಿ ದಾಯಿಗನನ್ನು ಕೊಂದು ತಲಕಾಡಿನಲ್ಲಿ ಅರಸನ ಆಜ್ಞೆಯಿಂದ ಮಡಿದುದನ್ನೂ ಮರೆಮಾಚದೆ ಹೇಳುತ್ತದೆ. ತನಗೆ ಕೀರ್ತಿ ತಾರದ ಸಂಗತಿಯನ್ನು ಹೇಳುವ ಬಾಯಿಗೆ ಹೆಚ್ಚಿನ ತೂಕವುಂಟು.

ಅದೇ ಸೀಮೆಯಲ್ಲಿ ಕಪಿಲಾನದಿಯ ದಡದ ಕಿತ್ತೂರನ್ನು ಪುನ್ನಾಟದ ರಾಜಧಾನಿಯಾದ ಕೀರ್ತಿಪುರವೆಂದು ಬಿ.ಎಲ್. ರೈಸರು ಗುರುತಿಸಿದರು. ಪುನ್ನಾಟದ ಹೆಸರನ್ನು ಹೊತ್ತ ಮುನಿಸಂಘವೊಂದು ದೂರದ ಪಶ್ಚಿಮ ಭಾರತದಲ್ಲಿ ನೆಲೆಸಿ ಎರಡು ಮಹಾಗ್ರಂಥಗಳನ್ನು ನೀಡಿತು. ಒಂದು ಜಿನಸೇನರ ‘ಹರಿವಂಶಪುರಾಣ’, ಇನ್ನೊಂದು ಹರಿಷೇಣರ ‘ಬೃಹತ್ಕಥಾಕೋಶ’. ಗ್ರಂಥವನ್ನು ಹೊರಡಿಸುವವನು ತನ್ನನ್ನು ಹೇಗೆ ತೋರಿಸಿಕೊಳ್ಳಬೇಕೆಂಬುದಕ್ಕೆ ಇವೆರಡರ ಪ್ರಶಸ್ತಿಗಳೇ ಮಾದರಿ. ಜಿನಸೇನರು ಗುರುಪರಂಪರೆಯನ್ನೂ ವರ್ಧಮಾನಪುರವನ್ನೂ ಶಕವರ್ಷ ೭೦೫ನ್ನೂ (ಕ್ರಿ.ಶ. ೭೮೩) ಹೇಳಿ, ಆಗ ದಿಕ್ಕುದಿಕ್ಕುಗಳಲ್ಲಿ ಆಳುತ್ತಿದ್ದ ಅರಸರನ್ನೂ ಹೆಸರಿಸುತ್ತಾರೆ: ಉತ್ತರದಲ್ಲಿ ಇಂದ್ರಾಯುಧ, ದಕ್ಷಿಣದಲ್ಲಿ ಕೃಷ್ಣನೃಪನ ಮಗನಾದ ಶ್ರೀವಲ್ಲಭ, ಇತ್ಯಾದಿ. ಆ ಶ್ರೀವಲ್ಲಭನು ರಾಷ್ಟ್ರಕೂಟ ಇಮ್ಮಡಿ ಗೋವಿಂದನೋ ಧ್ರುವನೋ ಎಂಬ ಚರ್ಚೆ ಇದೆ. ಚರ್ಚೆಗೆ ಎಡೆಯಿರುವುದೇ ಆ ಪ್ರಶಸ್ತಿಯ ಗುಣ. ತನ್ನ ಮಾತನ್ನು ಪರೀಕ್ಷಿಸಲು ಬೇಕಾದ ಸಾಧನಗಳನ್ನು ಗ್ರಂಥಕರ್ತೃವೇ ಓದುಗನ ಕೈಗೆ ಕೊಟ್ಟಿದ್ದಾನೆ. ಹರಿಷೇಣರೂ ಹಾಗೆಯೇ ವಿಕ್ರಮ ೯೮೯, ಶಕ ೮೫೩ ಎಂದು ಎರಡು ಗಣನೆಗಳನ್ನು ಕೊಟ್ಟು ವಿನಾಯಕಪಾಲನ ರಾಜ್ಯವನ್ನು ಹೇಳುತ್ತಾರೆ. ಎರಡೂ ಗಣನೆಗಳು ಕ್ರಿ.ಶ. ೯೩೧-೩೨ಕ್ಕೆ ಸರಿಹೊಂದುತ್ತವೆ.

ಕಾಲದ ವಿಷಯದಲ್ಲಿ ಇಷ್ಟು ವಿಶ್ವಸನೀಯರಾದ ಹರಿಷೇಣರನ್ನು ಭದ್ರಬಾಹುಕಥೆಯಲ್ಲಿ ಮಾತ್ರ ಎಚ್ಚರದಿಂದ ಓದಬೇಕಾಗುತ್ತದೆ. ಅವರ ಕಥೆಯಲ್ಲಿ ಭದ್ರಬಾಹುಸ್ವಾಮಿಗಳು ಉತ್ತರದಲ್ಲಿಯೇ ಸಮಾಧಿ ಹೊಂದುತ್ತಾರೆ; ದೀಕ್ಷೆ ಪಡೆದು ವಿಶಾಖಾಚಾರ್ಯರಾದ ಚಂದ್ರಗುಪ್ತರ ನೇತೃತ್ವದಲ್ಲಿ ಸಂಘ ದಕ್ಷಿಣಕ್ಕೆ ಬರುತ್ತದೆ. ಅದು ಬಂದು ಸೇರುವ ನಾಡು ಪುನ್ನಾಟ! ಶ್ರವಣಬೆಳಗೊಳದ ಪರಂಪರೆ ಭದ್ರಬಾಹುಗಳನ್ನೇ ಬೆಳಗೊಳಕ್ಕೆ ಕರೆತರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಲೆಯೂರಿನ ದೇವಚಂದ್ರನು ‘ರಾಜಾವಳಿಕಥೆ’ಯಲ್ಲಿ ಹಲವು ಕಡೆಯ ಐತಿಹ್ಯಗಳನ್ನು ಕೂಡಿಸಿ ಹೇಳಿದನು. ಹನಸೋಗೆ ರಾಮನನ್ನು ತನ್ನವನನ್ನಾಗಿಸಿಕೊಂಡಂತೆ ಪುನ್ನಾಟಸಂಘದವರು ಆ ಮಹಾಪ್ರಯಾಣವನ್ನು ತಮ್ಮ ನಾಡಿಗೆ ತಂದುಕೊಂಡರೆಂದರೆ ಅದರಲ್ಲಿ ವಂಚನೆಯೇನೂ ಇಲ್ಲ. ಪ್ರತಿಯೊಂದು ಸ್ಥಾನವೂ ತನ್ನ ನೆನಪನ್ನು ತನ್ನ ನೆಲದ ಮೇಲೆ ನಿಲ್ಲಿಸುತ್ತದೆ. ಅವೆಲ್ಲವೂ ಒಪ್ಪುವ ಅಂಶ, ಅಂದರೆ ಸಂಘ ಉತ್ತರದಿಂದ ದಕ್ಷಿಣಕ್ಕೆ ಬಂದಿತೆಂಬುದು, ಯಾರೊಬ್ಬರ ಸ್ವಂತ ಹಿರಿಮೆಗೂ ಸೇರಿದುದಲ್ಲ. ಆದುದರಿಂದಲೇ ಅದಕ್ಕೆ ಹೆಚ್ಚಿನ ಬಲ.

ಪ್ರಕಾಶಕನ ಕಾಲವೂ ಅವನು ಹೇಳಿಕೊಳ್ಳುವ ಕಾಲವೂ ಬೇರೆಯಾದಾಗ ಏನಾಗುತ್ತದೆಂಬುದಕ್ಕೆ ಪಿರಿಯಾಪಟ್ಟಣಕ್ಕೆ ನೆರೆಯ ಕೊಡಗಿನ ಮಡಿಕೇರಿ ತಾಮ್ರಪಟಗಳು ಸಾಕ್ಷಿ. ಗಂಗ ಅವಿನೀತನ ಹೆಸರಿನಲ್ಲಿರುವ ಈ ಪಟಗಳಲ್ಲಿ ೩೮೮ ಎಂಬ ವರ್ಷವಿದೆ, ಆದರೆ ಯಾವ ಶಕೆಯೆಂಬುದಿಲ್ಲ. ದೇಶಿಗಣದ ಕೊಂಡಕುಂದಾನ್ವಯದ ಗುರುಪರಂಪರೆ ಇದೆ. ತಲವನನಗರದ ಶ್ರೀವಿಜಯ ಜಿನಾಲಯಕ್ಕೆ ಬದನೆಗುಪ್ಪೆಯನ್ನು ಬಿಟ್ಟ ದತ್ತಿ ಇದೆ. ಶಕವರ್ಷವೆಂದು ಹಿಡಿದರೆ ಕ್ರಿ.ಶ. ೪೬೬ ಆಗುತ್ತದೆ. ಆ ಕಾಲಕ್ಕೇ ಅನ್ವಯದ ಆರು ತಲೆಗಳು ಕಳೆದಿದ್ದರೆ ಕುಂದಕುಂದಾಚಾರ್ಯರು ಅದಕ್ಕೂ ಬಹಳ ಹಿಂದಿನವರೆಂದು ವಾದಿಸಲು ಇದನ್ನು ಬಳಸಿದವರುಂಟು. ಆದರೆ ಪಟದಲ್ಲಿ ಅಕಾಲವರ್ಷ ಪೃಥ್ವೀವಲ್ಲಭನ ಮಂತ್ರಿಯ ಪ್ರಸ್ತಾಪವಿದೆ. ಅಕಾಲವರ್ಷವೆಂಬುದು ರಾಷ್ಟ್ರಕೂಟ ಕೃಷ್ಣರ ಬಿರುದು. ಅಕ್ಷರಗಳ ರೂಪವೂ ಐದನೆಯ ಶತಮಾನದ್ದಲ್ಲ. ಫ್ಲೀಟರು ಇದನ್ನು ಕೂಟಶಾಸನವೆಂದರು. ಜಿನಾಲಯದವರು ಹಳೆಯದೊಂದು ದತ್ತಿಯನ್ನು ಮುಂದೆ ಹೊಸ ತಗಡಿಗೆ ಇಳಿಸಿ ಬರೆಯಿಸಿಕೊಂಡಿರಬಹುದು. ದತ್ತಿಯೇ ಸುಳ್ಳೆಂದು ಹೇಳಬೇಕಾಗಿಲ್ಲ. ಕುಂದಕುಂದರ ಪ್ರಾಚೀನತೆಗೆ ಬೇರೆ ಆಧಾರಗಳಿವೆ. ದುರ್ಬಲವಾದ ಪ್ರಮಾಣವನ್ನು ಮುಂದಿಟ್ಟು ಆಚಾರ್ಯರ ಕಾಲವನ್ನು ಸಾಧಿಸಹೊರಟರೆ, ಪ್ರಮಾಣ ಮುರಿದ ದಿನ ಸಾಧ್ಯವೂ ಮುರಿಯಿತೆಂದು ಪ್ರತಿವಾದಿ ಹೇಳಲು ದಾರಿ ಮಾಡಿಕೊಟ್ಟಂತಾಗುತ್ತದೆ.

ಇನ್ನು ಹೆಸರಿನಿಂದ ಆಗುವ ಗೊಂದಲ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭುವಾಗಿದ್ದ ಮಂಗರಸನು ಹದಿನಾರನೆಯ ಶತಮಾನದ ಆರಂಭದ ಜೈನಕವಿ. ಚಂಗಾಳ್ವರ ಸಚಿವಕುಲದವನು, ತಂದೆ ವಿಜಯಭೂಪಾಲ, ತಾಯಿ ದೇವಿಲೆ. ‘ಜಯನೃಪಕಾವ್ಯ’, ‘ಪ್ರಭಂಜನಚರಿತೆ’, ‘ಶ್ರೀಪಾಲಚರಿತೆ’, ‘ಸಮ್ಯಕ್ತ್ವಕೌಮುದಿ’, ‘ನೇಮಿಜಿನೇಶಸಂಗತಿ’, ‘ಸೂಪಶಾಸ್ತ್ರ’ಗಳು ಇವನ ಕೃತಿಗಳು. ಇವನಿಗಿಂತ ಹಿಂದೆ, ಹದಿನಾಲ್ಕನೆಯ ಶತಮಾನದಲ್ಲಿ, ವಿಷವೈದ್ಯವನ್ನು ಕುರಿತ ‘ಖಗೇಂದ್ರಮಣಿದರ್ಪಣ’ದ ಮಂಗರಾಜನಿದ್ದನು, ಅನಂತರ ನಿಘಂಟುಕಾರನಾದ ಅಭಿನವ ಮಂಗರಾಜನಿದ್ದನು. ‘ಕರ್ಣಾಟಕ ಕವಿಚರಿತೆ’ ಇವರನ್ನು ಬೇರೆಬೇರೆಯಾಗಿ ನಿಲ್ಲಿಸಿ ನೂರು ವರ್ಷ ಕಳೆದಿದೆ. ಆದರೂ ವಿಷಶಾಸ್ತ್ರವನ್ನೂ ಪಾಕಶಾಸ್ತ್ರವನ್ನೂ ಒಬ್ಬನಿಗೇ ಕಟ್ಟುವ ಬರಹಗಳು ನಿಂತಿಲ್ಲ. ಅಡಿಗೆಯವನೇ ವಿಷವೈದ್ಯನೂ ಆಗಿದ್ದರೆ ಉಣ್ಣುವವರಿಗೆ ಧೈರ್ಯವೇನೋ ಹೆಚ್ಚಾದೀತು. ಕವಿಚರಿತ್ರೆಗೆ ಅದರಿಂದ ಪ್ರಯೋಜನವಿಲ್ಲ. ಪ್ರಕಾಶಕನೊಬ್ಬನನ್ನು ಅಳೆಯಲು ಇದು ಸುಲಭವಾದ ಪರೀಕ್ಷೆ. ಅವನ ಪಟ್ಟಿಯಲ್ಲಿ ಮಂಗರಸ ಎಂಬಲ್ಲಿ ತಾಯಿತಂದೆ, ಊರು, ಗುರು ಇವುಗಳಲ್ಲಿ ಒಂದಾದರೂ ಇದೆಯೇ, ಅಥವಾ ಬರಿಯ ಹೆಸರಿದೆಯೇ ಎಂದು ನೋಡಿದರೆ ಸಾಕು. ರಾಮನನ್ನು ಮೂರು ವಿಶೇಷಣಗಳಿಂದ ಗುರುತಿಸಿದ ಹನಸೋಗೆಯ ಶಾಸನಕರ್ತೃವಿಗೆ ಇದ್ದ ಎಚ್ಚರ ಇವನಿಗೂ ಇರಬೇಕಷ್ಟೆ.

ಪಾಠವನ್ನು ಹೊರಡಿಸುವವನ ಸತ್ಯನಿಷ್ಠೆ ಎಂತಿರಬೇಕೆಂಬುದಕ್ಕೆ ಧವಲಾ ಪ್ರಕಾಶನದ ಪ್ರಸಂಗಕ್ಕಿಂತ ದೊಡ್ಡ ಉದಾಹರಣೆ ಬೇಡ. ಮೂಡಬಿದಿರೆಯ ಓಲೆಗಳಿಂದ ಹೊರಬಂದ ನಕಲು, ಆ ನಕಲಿನ ನಕಲುಗಳ ಆಧಾರದ ಮೇಲೆ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ೧೯೩೯ರಲ್ಲಿ ಮೊದಲ ಸಂಪುಟ ಅಚ್ಚಾಯಿತು. ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ ಆ ಪ್ರತಿಗಳಲ್ಲಿ ‘ಸಂಜದ’ ಪದವಿರಲಿಲ್ಲ. ಟೀಕೆಯ ಸಂದರ್ಭದಿಂದ ಅದು ಇರಬೇಕೆಂದು ಸಂಪಾದಕರಿಗೆ ತೋರಿತು. ಆದರೆ ಪದವನ್ನು ಸದ್ದಿಲ್ಲದೆ ಮೂಲದೊಳಗೆ ಸೇರಿಸದೆ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಆ ಪದ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಸ್ತ್ರೀಮುಕ್ತಿಯ ವಿಚಾರ ಅದರೊಡನೆ ತೊಡಕಿಕೊಂಡಿದ್ದರಿಂದ ವಾದ ತೀವ್ರವಾಯಿತು. ಮುಂದೆ ಮೂಡಬಿದಿರೆಯ ತಾಡಪತ್ರವನ್ನೇ ನೋಡಿದಾಗ ಅಲ್ಲಿ ‘ಸಂಜದ’ ಇತ್ತು. ಸಂಪಾದಕರ ಊಹೆ ನಿಜವಾದುದು ಇಲ್ಲಿ ಮುಖ್ಯವಲ್ಲ. ಅದು ತಪ್ಪಾಗಿದ್ದರೂ ಓದುಗನಿಗೆ ಮೋಸವಾಗುತ್ತಿರಲಿಲ್ಲ. ಯಾವುದು ಪ್ರತಿಯ ಪಾಠ, ಯಾವುದು ಸಂಪಾದಕನ ಊಹೆ ಎಂಬುದು ಪುಟದ ಮೇಲೆಯೇ ಇತ್ತು. ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ (೧೯೪೮) ಇಂದಿಗೂ ಉಪಯುಕ್ತವಾಗಿರುವುದು ಇಂತಹ ಗುಣದಿಂದಲೇ. ಯಾವ ಭಂಡಾರದ ಯಾವ ಪ್ರತಿ ಎಂಬುದನ್ನು ಹೇಳುವ ಸೂಚಿಯನ್ನು ಯಾರೂ ಹೋಗಿ ಪರೀಕ್ಷಿಸಬಹುದು.

ಅಂತರಜಾಲದಲ್ಲಿ ಹರಡುತ್ತಿರುವ ಪಾಠಗಳಲ್ಲಿ ಕೆಡುವುದು ಈ ಭೇದವೇ. ಶಾಸನ ಒಡೆದಿರುವ ಕಡೆ ಸಂಪಾದಕನು ಕಂಸಗಳೊಳಗೆ ಅಕ್ಷರಗಳನ್ನು ತುಂಬಿರುತ್ತಾನೆ, ಓದಲಾಗದ ಕಡೆ ಚುಕ್ಕೆಗಳನ್ನಿಟ್ಟಿರುತ್ತಾನೆ. ಮರುಬೆರಳಚ್ಚು ಮಾಡುವವನು ಓದಲು ಅಡ್ಡಿಯೆಂದು ಅವನ್ನು ತೆಗೆದುಹಾಕುತ್ತಾನೆ. ಅಂದಿನಿಂದ ರೈಸರ ಊಹೆ ಚಂಗಾಳ್ವನ ಮಾತಾಗುತ್ತದೆ. ಇನ್ನೊಂದು ತೊಡಕು ಹಳೆಯ ಮುದ್ರಣದ್ದು. ಈ ಸೀಮೆಯ ಶಾಸನಗಳು ಮೊದಲು ೧೮೯೮ರ ‘ಎಪಿಗ್ರಾಫಿಯಾ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಬಂದವು, ಅಲ್ಲಿ ಹನಸೋಗೆಯನ್ನು ಕೃಷ್ಣರಾಜನಗರದಲ್ಲಿ ಹುಡುಕಿದರೆ ಸಿಗದು, ಎಡತೊರೆ ತಾಲ್ಲೂಕಿನಲ್ಲಿ ಹುಡುಕಬೇಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಎಪ್ಪತ್ತರ ದಶಕದಲ್ಲಿ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ಹೆಗ್ಗಡದೇವನಕೋಟೆಯ ಶಾಸನಗಳು ಮೂರನೆಯ ಸಂಪುಟದಲ್ಲಿಯೂ, ಹುಣಸೂರು ಪಿರಿಯಾಪಟ್ಟಣಗಳವು ನಾಲ್ಕರಲ್ಲಿಯೂ, ಕೃಷ್ಣರಾಜನಗರದವು ಐದರಲ್ಲಿಯೂ ಇವೆ. ಪರಿಷ್ಕರಣದಿಂದ ಎಷ್ಟು ವ್ಯತ್ಯಾಸವಾಗುತ್ತದೆಂಬುದಕ್ಕೆ ಶ್ರವಣಬೆಳಗೊಳದ ಸಂಪುಟವೇ ಸಾಕ್ಷಿ: ೧೮೮೯ರಲ್ಲಿ ರೈಸರು ಕೊಟ್ಟುದು ೧೪೪ ಶಾಸನಗಳು, ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರು ಕೊಟ್ಟುದು ೫೦೦, ೧೯೭೩ರ ಆವೃತ್ತಿಯಲ್ಲಿ ೫೭೩. ಹಕ್ಕುಸ್ವಾಮ್ಯದ ಅಡ್ಡಿಯಿಲ್ಲದ ಕಾರಣ ಹಳೆಯ ಆವೃತ್ತಿಯೇ ಸುಲಭವಾಗಿ ಕೈಗೆ ಸಿಗುವುದು ಸಹಜ. ಸುಲಭವಾಗಿ ಸಿಕ್ಕುದನ್ನೇ ಕೊನೆಯ ಮಾತೆಂದು ತಿಳಿದ ಸಂಶೋಧಕನು ಪರಿಷ್ಕೃತ ಪಾಠವಿದ್ದೂ ನೂರು ವರ್ಷದ ಹಿಂದಿನ ಓದನ್ನು ಉದ್ಧರಿಸುತ್ತಾನೆ.

ತಾಣವೊಂದರ ಹಿಂದೆ ದೊಡ್ಡ ಸಂಸ್ಥೆಯಿದೆಯೆಂಬ ಕಾರಣಕ್ಕೆ ಅದನ್ನು ನಂಬುವುದೂ, ಹಳ್ಳಿಯ ಒಬ್ಬ ಶ್ರಾವಕನು ತನ್ನ ಮನೆಯ ಕಟ್ಟನ್ನು ತಾನೇ ಚಿತ್ರ ತೆಗೆದು ಹಾಕಿದನೆಂದು ಅದನ್ನು ತಳ್ಳುವುದೂ ಸರಿಯಲ್ಲ. ಆ ಶ್ರಾವಕನು ಪ್ರತಿ ಎಲ್ಲಿಯದು, ಗರಿಗಳೆಷ್ಟು, ಯಾವುದು ಮುರಿದಿದೆ ಎಂದು ಬರೆದಿದ್ದರೆ ಅವನ ಮಾತು ಹೆಸರಿಲ್ಲದ ಮಹಾಸಂಗ್ರಹಕ್ಕಿಂತ ಮೇಲು. ತಪ್ಪನ್ನು ತೋರಿಸಿ ಬರೆದಾಗ ತಿದ್ದಿದರೇ, ತಿದ್ದಿದಾಗ ಹಳೆಯ ಪಾಠ ಏನಿತ್ತೆಂಬುದನ್ನು ಉಳಿಸಿದರೇ ಎಂಬುದನ್ನೂ ನೋಡಬೇಕು. ಗುರುತಿಲ್ಲದಂತೆ ತಿದ್ದುವವನು ನಾಳೆ ಗುರುತಿಲ್ಲದಂತೆ ಕೆಡಿಸಲೂ ಬಲ್ಲನು.

ಓಲೆಗಳ ಚಿತ್ರಗಳನ್ನು ತರಿಸಿಕೊಳ್ಳುವವರು ಮೊದಲ ಗರಿಗಿಂತ ಮುಂಚೆ ಕೊನೆಯ ಗರಿಯನ್ನು ಕೇಳುವುದು ಮೇಲು. ಬರೆಯಿಸಿದವರ ಹೆಸರು, ಬರೆದ ಸಂವತ್ಸರ, ಬಸದಿಯ ಹೆಸರು ಇರುವುದು ಅಲ್ಲಿ. ಗ್ರಂಥ ಮುಗಿಯಿತೆಂದು ಚಿತ್ರ ತೆಗೆಯುವವನು ಬಿಟ್ಟುಬಿಡುವ ಗರಿಯೂ ಬಹುಮಟ್ಟಿಗೆ ಅದೇ ಆಗಿರುತ್ತದೆ.